ನಡುಗಡ್ಡೆಯ ಜನಸಂಖ್ಯೆ

ಆ ಪುರಸಭೆಯಲ್ಲಿ ಯಾರನ್ನೂ ಹೆಸರು ಹಿಡಿದು ಕರೆಯುವ ಪದ್ಧತಿ ಇರಲಿಲ್ಲ. ಯಾರು ಯಾವ ವಿಭಾಗದ ಮೇಜಿನ ಹಿಂದೆ ಕೂತಿದ್ದಾರೋ ಅದೇ ಅವರ ಹೆಸರು. "ಬೀದಿದೀಪಕ್ಕೆ ಇವತ್ತು ಹಲ್ಲುನೋವು", "ನೀರು ಸರಬರಾಜು ಮಗಳ ಮನೆಗೆ ಹೋಗಿದೆ, ಸೋಮವಾರ ಬರುತ್ತೆ" ಎಂದರೆ ಅಲ್ಲಿ ಯಾರೂ ನಗುತ್ತಿರಲಿಲ್ಲ. ಹಾಗಾಗಿ ನಮ್ಮ ಗುಮಾಸ್ತನನ್ನು ಇಡೀ ಕಚೇರಿ ಜನನ-ಮರಣ ಎಂದೇ ಕರೆಯುತ್ತಿತ್ತು. ಹೆಸರು ಭಾರೀ ತೂಕದ್ದು. ಮನುಷ್ಯ ಮಾತ್ರ ಬಲಗೈಯಲ್ಲಿ ಛತ್ರಿ ಹಿಡಿದುಕೊಂಡು ಎಡಗೈಯಿಂದ ಅದನ್ನೇ ಹುಡುಕುವ ಜಾತಿ.

ಒಮ್ಮೆ ಮೊಮ್ಮಗನ ಜನನ ಪತ್ರ ಕೇಳಲು ಬಂದ ಮುದುಕರಿಗೆ ಅವರದೇ ಮರಣ ಪತ್ರ ಬರೆದು, ಮೊಹರು ಒತ್ತಿ, ನಮಸ್ಕಾರ ಹೇಳಿ ಕಳಿಸಿದ್ದ. ಅವರು ಸಿಟ್ಟಾಗಿ ವಾಪಸ್ಸು ಬಂದಾಗ, ಬದುಕಿರುವುದಕ್ಕೆ ಏನಾದರೂ ಆಧಾರ ತಂದಿದ್ದೀರಾ ಎಂದು ಅತ್ಯಂತ ವಿನಯದಿಂದ ವಿಚಾರಿಸಿದ್ದ. ಅಂದು ಸಾಹೇಬರು ಅವನನ್ನು ಕೋಣೆಗೆ ಕರೆಸಿ ಹೇಳಿದ ಮಾತು ಅವನ ತಲೆಯಲ್ಲಿ ಮೊಳೆ ಹೊಡೆದ ಹಾಗೆ ಕೂತಿತ್ತು: "ಬುದ್ಧಿ ಉಪಯೋಗಿಸಬೇಡ್ರಿ. ಇದ್ದದ್ದನ್ನ ಇದ್ದ ಹಾಗೆ ಬರೀರಿ. ಅಷ್ಟೇ ಸಾಕು."

ಆ ವರ್ಷ ಜನಗಣತಿ ಬಂತು. ನಿಯಮ ಸರಳವಾಗಿತ್ತು. ಗೊತ್ತುಪಡಿಸಿದ ದಿನ ಸೂರ್ಯ ಮುಳುಗುವ ಹೊತ್ತಿಗೆ ಯಾರು ಎಲ್ಲಿದ್ದಾರೋ ಅವರನ್ನು ಅಲ್ಲಿಯೇ ಬರೆದುಕೊಳ್ಳಬೇಕು. ಆದ್ದರಿಂದ ಸಂಜೆ ಎಲ್ಲರೂ ತಂತಮ್ಮ ಮನೆಯಲ್ಲೇ ಇರತಕ್ಕದ್ದು ಎಂದು ಮೂರು ದಿನ ಮೈಕಿನಲ್ಲಿ ಕೂಗಿಸಿದರು. ಕಚೇರಿಯ ಒಬ್ಬೊಬ್ಬರಿಗೂ ಒಂದೊಂದು ಬೀದಿ ಹಂಚಿದರು. ಕ್ವಾರ್ಟರ್ಸ್ ಬೀದಿಯನ್ನು ಕಂದಾಯ ತಾನಾಗಿಯೇ ಕೇಳಿ ಪಡೆದುಕೊಂಡಿತು.

ಕಂದಾಯ ಎಂದರೆ ಕಂದಾಯ ವಿಭಾಗದ ಗುಮಾಸ್ತ. ಅವನ ಹೆಂಡತಿ ಅದೇ ಕಚೇರಿಯ ಟೈಪಿಸ್ಟು. ಗಂಡ ಹೆಂಡತಿ ಇಬ್ಬರೂ ಐಸ್ ಫ್ಯಾಕ್ಟರಿಯ ಹಿಂದಿನ ಒಂದು ಮನೆಯಲ್ಲಿದ್ದರು. ಅಲ್ಲಿ ಗೋಡೆ ವರ್ಷವಿಡೀ ಬೆವರುತ್ತಿತ್ತು, ಬೀರುವಿನೊಳಗಿನ ಕೋಟಿಗೂ ಬೂಷ್ಟು ಹಿಡಿಯುತ್ತಿತ್ತು. ಜನನ-ಮರಣಕ್ಕೆ ಸಿಕ್ಕಿದ್ದ ಕ್ವಾರ್ಟರ್ಸೋ, ಮೂಲೆಮನೆ. ಎರಡು ಕಡೆಯಿಂದ ಗಾಳಿ, ದಿನವಿಡೀ ಬರುವ ನಲ್ಲಿ, ಹಿಂದಿನ ಕೋಣೆಯ ಕಿಟಕಿ ತೆರೆದರೆ ಸಮುದ್ರ. ಟೈಪಿಸ್ಟು ಯಾವಾಗ ಸಿಕ್ಕರೂ ಗುಮಾಸ್ತನ ಹೆಂಡತಿಯನ್ನು, ಆ ಕಿಟಕಿಗೆ ಪರದೆ ಎಷ್ಟು ಉದ್ದ ಬೇಕಾಗುತ್ತೆ ಎಂದು ಕೇಳುತ್ತಿದ್ದಳು. ಸುಮ್ಮನೆ ತಿಳಿದುಕೊಳ್ಳೋಕೆ ಅಂತ ಸೇರಿಸುತ್ತಿದ್ದಳು.

ಗುಮಾಸ್ತನಿಗೆ ಸಾಹೇಬರು ಬೀದಿ ಕೊಡಲಿಲ್ಲ. ಜನ ಇದ್ದಲ್ಲಿ ಇವನನ್ನು ಬಿಟ್ಟರೆ ಯಾರನ್ನು ಸಾಯಿಸುತ್ತಾನೋ ಎಂದು ಯೋಚಿಸಿ ನಡುಗಡ್ಡೆ ಕೊಟ್ಟರು. ಬಂದರಿನ ತಡೆಗೋಡೆಯ ಮೇಲೆ ನಿಂತರೆ ಎದುರಿಗೇ ಕಾಣುವ ಒಂದು ಮುದ್ದೆ ಬಂಡೆ ಅದು. ಮೇಲೆ ಹಕ್ಕಿ, ಸುತ್ತ ನೊರೆ, ನಡುವೆ ಬಾಚದ ತಲೆಯ ಹಾಗೆ ಒಂದಿಷ್ಟು ಹುಲ್ಲು. ಮನುಷ್ಯರು ಅಲ್ಲಿ ಹಿಂದೆ ಇರಲಿಲ್ಲ, ಮುಂದೆ ಇರುವ ಯೋಚನೆಯನ್ನೂ ಮಾಡಿರಲಿಲ್ಲ. ಪ್ರತಿ ಗಣತಿಯಲ್ಲೂ ಆ ಕೆಲಸ ಸಿಕ್ಕವರು ತಡೆಗೋಡೆಯ ಮೇಲೆ ನಿಂತು, ಹಣೆಗೆ ಕೈ ಅಡ್ಡ ಹಿಡಿದು, ಒಂದು ಸಲ ನೋಡಿ, ಸೊನ್ನೆ ಬರೆದು, ಟೀ ಕುಡಿದು ಮನೆಗೆ ಹೋಗುತ್ತಿದ್ದರು.

ಇವನೂ ಹಾಗೇ ಮಾಡುತ್ತಿದ್ದನೇನೋ. ಆದರೆ ಮನೆಯಲ್ಲಿ ಮಾವ ಇದ್ದರಲ್ಲ.

ಮಾವ, ಅಂದರೆ ಹೆಂಡತಿಯ ಅಪ್ಪ, ನಿವೃತ್ತ ಸ್ಟೇಷನ್ ಮಾಸ್ತರರು. ಓಡುವ ರೈಲಿನ ಸದ್ದಿನ ಮೇಲೆ ಮಾತಾಡಿ ಅಭ್ಯಾಸವಾಗಿ, ಈಗ ಉಪ್ಪು ಕೇಳಿದರೂ ಬೀದಿ ಕೊನೆಯ ಮನೆಯವರು ಉಪ್ಪು ತೆಗೆದಿಡುತ್ತಿದ್ದರು. ಅಳಿಯನ ಬಗ್ಗೆ ಅವರಿಗೆ ವಿಶೇಷ ಅಭಿಪ್ರಾಯವೇನೂ ಇರಲಿಲ್ಲ. ಅಂದು ಊಟದ ಹೊತ್ತಿಗೆ, ನಿಮಗೆ ಯಾವ ಬೀದಿ ಕೊಟ್ಟರು ಎಂದು ಕೇಳಿದರು. ಬೀದಿ ಕೊಡಲಿಲ್ಲ ಎಂದು ಹೇಳಲು ಗುಮಾಸ್ತನಿಗೆ ನಾಲಿಗೆ ಬರಲಿಲ್ಲ.

"ಬೀದಿ ಎಲ್ಲಾ ಉಳಿದೋರಿಗೆ ಮಾವ," ಎಂದ. "ನನ್ನ ಕೈಕೆಳಗೆ ಒಂದು ಇಡೀ ದ್ವೀಪ ಬಂದಿದೆ."

ಮಾವ ತುತ್ತು ಕೆಳಗಿಟ್ಟರು. ಜೀವನದಲ್ಲಿ ಮೊದಲ ಸಲ ಅಳಿಯನನ್ನು ಮೇಲಿಂದ ಕೆಳಗೆ ನೋಡಿದರು. ಆಮೇಲೆ ಆ ಸುದ್ದಿಯನ್ನು ಪಕ್ಕದಲ್ಲಿ ಕೂತಿದ್ದ ಮಗಳಿಗೆ ಹೇಳಿದರು. ಬೆಳಗಾಗುವುದರೊಳಗೆ ಬೀದಿಗೆಲ್ಲ ಗೊತ್ತಾಗಿತ್ತು.

ಗಣತಿಯ ದಿನ ಮಧ್ಯಾಹ್ನ ಅವನು ಮನೆಯಿಂದ ಹೊರಟಾಗ ಇಸ್ತ್ರಿಯವನು ಇಸ್ತ್ರಿಪೆಟ್ಟಿಗೆ ಎತ್ತಿಟ್ಟು ಹಿಂದೆ ಬಂದ. ಎದುರುಮನೆಯಾಕೆ ಒಂದು ಬಾಟಲಿ ನೀರು ಕೊಟ್ಟಳು. ಮಾವ ತಮ್ಮ ಹಳೇ ಹಸಿರು ಬಾವುಟ ತಂದಿದ್ದರು. ಬಂದರಿಗೆ ಹೋಗುವಷ್ಟರಲ್ಲಿ ಹಿಂದೆ ಒಂದು ಮೆರವಣಿಗೆಯೇ ಇತ್ತು. ತಡೆಗೋಡೆ ಹತ್ತಿ, ಹಣೆಗೆ ಕೈ ಹಿಡಿದು, ಸೊನ್ನೆ ಬರೆಯಬೇಕೆಂದುಕೊಂಡಿದ್ದ ಗುಮಾಸ್ತ ತಿರುಗಿ ನೋಡಿದ. ಅಷ್ಟೂ ಜನ ಅವನು ದೋಣಿ ಹತ್ತುವುದನ್ನೇ ಕಾಯುತ್ತಿದ್ದರು. ಮಾವ ಬಾವುಟ ಬೀಸಿದರು. ಹಸಿರು ತೋರಿಸಿದ ಮೇಲೆ ನಿಲ್ಲುವ ಗಾಡಿ ಯಾವುದು?

ದೋಣಿಯವನು ಮಿತಭಾಷಿ. ನಡುಗಡ್ಡೆಗೆ ದೋಣಿ ಕಟ್ಟುವ ಜಾಗವಿಲ್ಲ, ಅಲೆ ದೋಣಿಯನ್ನು ಎತ್ತಿದಾಗ ತಾನು ಹೂಂ ಅನ್ನುತ್ತೇನೆ, ಆಗ ಬಂಡೆಗೆ ಹಾರಬೇಕು ಎಂದು ಹೇಳಿ ಬಾಯಿ ಮುಚ್ಚಿದ. ಗುಮಾಸ್ತನಿಗೆ ಹೆದರಿಕೆಯಾದಷ್ಟೂ ಮಾತು ಜಾಸ್ತಿ. ಇವತ್ತು ಗಾಳಿ ಜೋರಲ್ಲವೇ ಎಂದು ಕೇಳಿದ. ದೋಣಿಯವನು ಹೂಂ ಎಂದ. ಗುಮಾಸ್ತ ಹಾರಿದ. ಬಂಡೆ ಇನ್ನೂ ಸಾಕಷ್ಟು ದೂರವಿತ್ತು.

ಅವನನ್ನು ಕಾಲರು ಹಿಡಿದು ಮೇಲೆತ್ತಿ, ಈ ಸಲ ಬಾಯಿ ಮುಚ್ಚಿಸಿ, ಸರಿಯಾದ ಅಲೆಗೆ ದೋಣಿಯವನೇ ಬಂಡೆಯ ಮೇಲಕ್ಕೆ ತಳ್ಳಿದ. ಫಾರಮ್ಮಿನ ಚೀಲ ಪ್ಲಾಸ್ಟಿಕ್ಕಿನಲ್ಲಿದ್ದದ್ದರಿಂದ ಸರಕಾರದ ಸ್ವತ್ತಿಗೆ ಏನೂ ಆಗಲಿಲ್ಲ.

ಆಮೇಲೆ ದೋಣಿಯವನು ಸಂಕೋಚದಿಂದ, ಹೊತ್ತು ಮುಳುಗುವುದರೊಳಗೆ ತಾನು ಮನೆಯಲ್ಲಿರಬೇಕಲ್ಲ, ಮೈಕಿನಲ್ಲಿ ಹಾಗೆ ಕೂಗುತ್ತಿದ್ದರಲ್ಲ ಎಂದ. ನೆಂದ ಕೋಳಿಯಂತಿದ್ದ ಗುಮಾಸ್ತನಿಗೆ ಅಲ್ಲೂ ಅಧಿಕಾರ ನೆನಪಾಯಿತು.

"ನಿಯಮ ಅಂದ್ಮೇಲೆ ಎಲ್ಲರಿಗೂ ಒಂದೇ," ಎಂದ. "ನೀನು ಹೊರಡಪ್ಪ. ಲೆಕ್ಕ ತಪ್ಪಬಾರದು."

"ನೀವು ಸಾರ್?"

"ನನ್ನ ಚಿಂತೆ ಬಿಡು. ನಾನು ಎಣಿಸೋನು."

ದೋಣಿ ಅರ್ಧ ದಾರಿ ಹೋದ ಮೇಲೆ, ತಾನು ಹೇಗೆ ವಾಪಸ್ಸು ಹೋಗುವುದು ಎಂಬ ಪ್ರಶ್ನೆ ಅವನಿಗೆ ಹೊಳೆಯಿತು. ಛತ್ರಿ ಬೀಸಿ ಕೂಗಿದ. ದೋಣಿಯವನೂ ಪ್ರೀತಿಯಿಂದ ಕೈಬೀಸಿದ.

ಇರಲಿ, ಕೆಲಸ ಮೊದಲು. ಮನೆಯ ಮುಂದೆ ನಿಂತು "ಯಾರಿದ್ದೀರಿ?" ಎಂದು ಕೇಳಬೇಕೆಂದು ಸೂಚನೆಯಿತ್ತು. ಮನೆ ಇರಲಿಲ್ಲವಾದ್ದರಿಂದ ದೊಡ್ಡ ಬಂಡೆಯೊಂದರ ಮುಂದೆ ನಿಂತು ಕೇಳಿದ. ಇಡೀ ಬಂಡೆಯ ಹಕ್ಕಿಗಳು ಒಟ್ಟಿಗೆ ಎದ್ದು, ಸರಕಾರದ ಪ್ರತಿನಿಧಿ ಎಂಬುದನ್ನೂ ನೋಡದೆ ಅವನ ಮೇಲೆ ತಮ್ಮ ಅಭಿಪ್ರಾಯ ಸುರಿಸಿದವು. ಛತ್ರಿ ಬಿಚ್ಚಿಕೊಂಡು ಇಡೀ ನಡುಗಡ್ಡೆ ಸುತ್ತಿದ. ಒಂದು ಕೊಂಡಿಯಿಲ್ಲದ ಬಕೆಟ್ಟು, ಒಂದು ಎಡಗಾಲಿನ ಚಪ್ಪಲಿ ಸಿಕ್ಕವು. ಮನುಷ್ಯ ಜಾತಿ ಸಿಗಲಿಲ್ಲ.

ಸೂರ್ಯ ನೀರು ಮುಟ್ಟಿದಾಗ ಫಾರಂ ತೆಗೆದು, ಸೊನ್ನೆ ಬರೆಯಲು ಪೆನ್ನು ಇಟ್ಟ. ಪೆನ್ನು ನಿಂತಿತು. ಸೂರ್ಯ ಮುಳುಗುವಾಗ ಇಲ್ಲಿ ಯಾರಿದ್ದಾರೆ? ಅವನು ಹಿಂದೆ ನೋಡಿದ, ಮುಂದೆ ನೋಡಿದ, ತನ್ನ ಕಾಲು ನೋಡಿಕೊಂಡ. ಸೊನ್ನೆ ಬರೆದರೆ ಸುಳ್ಳಾಗುತ್ತದೆ. ಇದ್ದದ್ದನ್ನ ಇದ್ದ ಹಾಗೆ ಬರೀರಿ. ಬರೆದ. ಒಟ್ಟು ಜನ: ಒಂದು. ಯಜಮಾನ: ತಾನೇ. ಕಸುಬು: ಎಣಿಸುವುದು. ಗೋಡೆ: ಕಲ್ಲು. ಚಾವಣಿ: ಇಲ್ಲ. ಕುಡಿಯುವ ನೀರು: ಇಲ್ಲ, ಎದುರುಮನೆಯವರ ಬಾಟಲಿ ಖಾಲಿಯಾಗಿದೆ. ಜೀವನದಲ್ಲಿ ಇಷ್ಟು ತಪ್ಪಿಲ್ಲದ ಫಾರಂ ತಾನು ತುಂಬಿಯೇ ಇರಲಿಲ್ಲ ಎಂದು ಅವನಿಗೆ ಸಮಾಧಾನವಾಯಿತು.

ಬೆಳಿಗ್ಗೆ ದೋಣಿಯವನು ಬಂದು ಕರೆದುಕೊಂಡು ಹೋದ. ಗುಮಾಸ್ತ ನೇರ ಕಚೇರಿಗೆ ಹೋಗಿ ಫಾರಂ ಒಪ್ಪಿಸಿ, ಮನೆಗೆ ಹೋಗಿ ಮಲಗಿದ. ಅಷ್ಟರಲ್ಲಿ ಟೈಪಿಸ್ಟು ಇಡೀ ಊರಿನ ಲೆಕ್ಕ ಟೈಪು ಮಾಡಿ, ಸಾಹೇಬರ ಸಹಿ ಹಾಕಿಸಿ, ಮೇಲಿನ ಕಚೇರಿಗೆ ಕಳಿಸಿಯೂ ಆಗಿತ್ತು. ಅವಳು ಅಷ್ಟು ಚುರುಕಾಗಿ ಕೆಲಸ ಮಾಡಿದ್ದನ್ನು ಕಚೇರಿ ಹಿಂದೆಂದೂ ಕಂಡಿರಲಿಲ್ಲ. ಸಹಿ ಹಾಕುವಾಗ ಓದುವ ಅಭ್ಯಾಸ ಸಾಹೇಬರಿಗೆ ಇರಲಿಲ್ಲ.

ಎಚ್ಚರವಾದಾಗ ಹೆಂಡತಿ ಮಂಚದ ಪಕ್ಕ ನಿಂತಿದ್ದಳು. ಹಿಂದಿನ ಸಂಜೆ ಕಂದಾಯ ಮನೆಗೆ ಬಂದು, ಯಜಮಾನರು ಎಲ್ಲಿ ಎಂದು ಕೇಳಿದ್ದ. ಗಂಡ ಬರಲಿಲ್ಲವೆಂದು ಮೊದಲೇ ಕುದಿಯುತ್ತಿದ್ದ ಅವಳು, ಅವರ ಸುದ್ದಿ ಎತ್ತಬೇಡಿ, ಅವರಿನ್ನು ಆ ಬಂಡೆ ಮೇಲೇ ಸಂಸಾರ ಹೂಡ್ತಾರಂತೆ ಎಂದಿದ್ದಳು. ಕಂದಾಯ ಅದನ್ನು ಅಕ್ಷರ ಬಿಡದೆ ಬರೆದುಕೊಂಡಿದ್ದ. ಈಗ ಬಾಗಿಲಿಗೆ ಒಂದು ನೋಟೀಸು ಅಂಟಿತ್ತು. ಗಣತಿಯ ಪ್ರಕಾರ ಈ ಮನೆಯಲ್ಲಿ ಪುರಸಭೆಯ ನೌಕರರು ಯಾರೂ ವಾಸವಿಲ್ಲ, ತಿಂಗಳ ಕೊನೆಯೊಳಗೆ ಖಾಲಿ ಮಾಡತಕ್ಕದ್ದು, ಮುಂದಿನ ಸರದಿ ಕಂದಾಯ ವಿಭಾಗದ್ದು.

"ನನ್ನನ್ನ ನೋಡಿದ್ರೆ ಗೊತ್ತಾಗಲ್ವೇನೇ, ನಾನು ಇಲ್ಲೇ ಇದೀನಿ ಅಂತ?" ಎಂದ ಗುಮಾಸ್ತ.

"ನನಗೆ ಗೊತ್ತಾಗುತ್ತೆ. ಆ ಕಾಗದಕ್ಕೆ ಗೊತ್ತಾಗಬೇಕಲ್ಲ," ಎಂದಳು ಹೆಂಡತಿ.

ಅವನು ಸಾಹೇಬರ ಹತ್ತಿರ ಓಡಿದ. ಅವರು ತಲೆ ಮೇಲೆ ಕೈ ಹೊತ್ತು ಕೂತಿದ್ದರು. ಮೇಲಿನ ಕಚೇರಿಯಿಂದ ಫೋನು ಬಂದಿತ್ತು. ನಿಮ್ಮ ಹದ್ದಿನಲ್ಲಿ ಒಬ್ಬ ನಾಗರಿಕ ಕುಡಿಯುವ ನೀರಿಲ್ಲದೆ ಬಂಡೆಯ ಮೇಲೆ ಬದುಕುತ್ತಿದ್ದಾನೆ, ನಿಮಗೆ ಮನುಷ್ಯತ್ವ ಇದೆಯೇ ಎಂದು ಕೇಳಿದ್ದರು. ಸಾಹೇಬರು ಇದೆ ಎಂದು ಒಪ್ಪಿಕೊಂಡು, ನಾಳೆಯಿಂದಲೇ ದಿನಕ್ಕೊಂದು ಕ್ಯಾನು ನೀರು ಕಳಿಸುತ್ತೇನೆಂದು ಮಾತು ಕೊಟ್ಟಿದ್ದರು. ಲೆಕ್ಕವೇ ತಪ್ಪು ಎಂದರೆ, ಓದದೆ ಸಹಿ ಹಾಕಿದ್ದು ಬಯಲಾಗುತ್ತದೆ. ಗುಮಾಸ್ತ ಏನು ಹೇಳಿದರೂ ಅವರು, ಸ್ವಲ್ಪ ದಿನ ಅಲ್ಲೇ ಇದ್ದೀರಿ ಅಂದುಕೊಳ್ಳಿ ಎನ್ನುತ್ತಿದ್ದರು.

ಮರುದಿನ ಮನೆಯ ನಲ್ಲಿ ನಿಂತಿತು. ನೀರು ಸರಬರಾಜನ್ನು ಕೇಳಿದರೆ ಅದು ಬಹಳ ಬೇಜಾರಿನಿಂದ, ಯಜಮಾನರಿಲ್ಲದ ಕ್ವಾರ್ಟರ್ಸಿಗೆ ನೀರು ಬಿಡುವ ಹಾಗಿಲ್ಲ, ಅಲ್ಲದೆ ನಿಮ್ಮ ಪಾಲಿನದು ಇವತ್ತಿನಿಂದ ದಿನಾ ದೋಣಿಯಲ್ಲಿ ಹೋಗುತ್ತದಲ್ಲ, ಒಬ್ಬರಿಗೆ ಎರಡು ಕಡೆ ಕೊಟ್ಟರೆ ಉಳಿದವರು ಕೇಳುವುದಿಲ್ಲವೇ ಎಂದಿತು.

ಇದನ್ನು ಕೇಳಿ ಹೆಂಡತಿ ಒಳಗಿನಿಂದ ಕೊಡ ತಂದು ಅವನ ಕಾಲ ಬಳಿ ಇಟ್ಟಳು.

"ನಿಮ್ಮ ನೀರು ಎಲ್ಲಿ ಬರುತ್ತೋ ಅಲ್ಲಿಂದ ತನ್ನಿ."

ಹಾಗೆ ಶುರುವಾಯಿತು ಗುಮಾಸ್ತನ ಜಲಯಾನ. ದಿನಾ ಬೆಳಿಗ್ಗೆ ನೀರಿನ ಕ್ಯಾನಿನ ಪಕ್ಕದಲ್ಲೇ ದೋಣಿಯಲ್ಲಿ ಕೂತು ನಡುಗಡ್ಡೆಗೆ ಹೊರಡುತ್ತಿದ್ದ. ಮೊದಲ ದಿನ, ಹೇಗೂ ನನ್ನದೇ ನೀರು, ಇಲ್ಲೇ ಕೊಡಕ್ಕೆ ಬಗ್ಗಿಸಿಬಿಡು ಎಂದು ದೋಣಿಯವನನ್ನು ಕೇಳಿ ನೋಡಿದ.

"ಆಗಲ್ಲ ಸಾರ್. ಬಂಡೆ ಮೇಲೆ, ಅಲ್ಲಿರೋರ ಕೈಗೇ ಕೊಡಬೇಕು ಅಂತ ಆರ್ಡರು."

"ಅಲ್ಲಿರೋನು ನಾನೇ ಅಲ್ವೇನಪ್ಪ?"

"ನೀವೀಗ ಇಲ್ಲಿದ್ದೀರಲ್ಲ ಸಾರ್."

ಆದ್ದರಿಂದ ಗುಮಾಸ್ತ ಬಂಡೆಗೆ ಹಾರಿ, ನಿವಾಸಿಯಾಗಿ ನಿಂತು, ಕ್ಯಾನು ಇಸಿದುಕೊಂಡು, ನೀರನ್ನು ಕೊಡಕ್ಕೆ ಬಗ್ಗಿಸಿ, ಕೊಡ ಸಮೇತ ವಾಪಸ್ಸು ದೋಣಿಗೆ ಹಾರಬೇಕಿತ್ತು. ಅರ್ಧ ನೀರು ಸಮುದ್ರಕ್ಕೆ, ಕಾಲು ಪಾಲು ಪ್ಯಾಂಟಿಗೆ, ಉಳಿದದ್ದು ಸಂಸಾರಕ್ಕೆ. ಒಂದು ವಾರದಲ್ಲಿ ಅವನಿಗೆ ಹೂಂ ಎನ್ನುವ ಮೊದಲೇ ಅಲೆ ಗೊತ್ತಾಗತೊಡಗಿತು. ಹಕ್ಕಿಗಳೂ ಏಳುವುದನ್ನು ಬಿಟ್ಟವು.

ಬೀದಿಯವರ ರೀತಿಯೇ ಬದಲಾಯಿತು. ಇಸ್ತ್ರಿಯವನು ಕಂಡಾಗಲೆಲ್ಲ, ಯಾವಾಗ ಬಂದ್ರಿ, ಎಷ್ಟು ದಿನ ಇರ್ತೀರಿ ಎಂದು ಕೇಳುತ್ತಿದ್ದ. ಎದುರುಮನೆಯಾಕೆ ಗುಮಾಸ್ತನ ಹೆಂಡತಿಗೆ ಗುಟ್ಟಾಗಿ, ಅವರಿಗೆ ಅಲ್ಲಿ ಬೇರೆ ಯಾರೂ ಇಲ್ಲ ತಾನೇ ಎಂದು ವಿಚಾರಿಸಿದಳು. ಮಾವ ಮಾತ್ರ ಖುಷಿಯಾಗಿದ್ದರು. ನಮ್ಮ ಅಳಿಯಂದಿರು ಈಗಷ್ಟೇ ದ್ವೀಪಕ್ಕೆ ಹೋದರು ಎಂದು ಅವರು ಪಕ್ಕದವರಿಗೆ ಹೇಳಿದರೆ ಬಂದರಿನಲ್ಲಿ ದೋಣಿಯವನು ಎದ್ದು ನಿಲ್ಲುತ್ತಿದ್ದ. ಇತ್ತ ಕಂದಾಯ, ಕಚೇರಿಯ ಕಿಟಕಿಯಲ್ಲಿ ನಿಂತು ಇದನ್ನೆಲ್ಲ ನೋಡಿ, ಜನನ-ಮರಣ ದಿನಾ ನಡುಗಡ್ಡೆಯ ತನ್ನ ಮನೆಗೆ ಹೋಗಿ ಬರುತ್ತಿರುವುದಕ್ಕೆ ನಾನೇ ಸಾಕ್ಷಿ ಎಂದು ಸಾಹೇಬರಿಗೆ ಒಂದು ಅರ್ಜಿ ಕೊಟ್ಟ.

ತಿಂಗಳು ಮುಗಿಯುವ ಹಿಂದಿನ ದಿನ ಸಾಹೇಬರ ಕೋಣೆಯಲ್ಲಿ ವಿಚಾರಣೆ. ಬೆಳಿಗ್ಗೆಯೇ ಟೈಪಿಸ್ಟು ಮೂಲೆಮನೆಯ ಹಿಂದೆ ನಿಂತು, ಹಿಂದಿನ ಕಿಟಕಿಗೆಂದು ಹೊಲಿಸಿದ ಪರದೆಯನ್ನು ತೋಳಿನ ಮೇಲೆ ಹಾಕಿಕೊಂಡು ಅಳತೆ ಸರಿಯಿದೆಯೇ ನೋಡಿ ಹೋಗಿದ್ದಳು. ಅದನ್ನು ಕಂಡ ಮೇಲೆ ಗುಮಾಸ್ತನ ಹೆಂಡತಿ ಅಡುಗೆಮನೆಯ ಪಾತ್ರೆ ಕಟ್ಟುವುದನ್ನು ಅರ್ಧಕ್ಕೇ ನಿಲ್ಲಿಸಿ, ಸೆರಗು ಸೊಂಟಕ್ಕೆ ಸಿಕ್ಕಿಸಿ, ಅಪ್ಪನನ್ನೂ ಕರೆದುಕೊಂಡು ಕಚೇರಿಗೆ ಬಂದಳು. ಈ ಮನೆ ಹೋದರೆ ಸಿಗುವುದು ಐಸ್ ಫ್ಯಾಕ್ಟರಿಯ ಹಿಂದಿನ ಬೆವರುವ ಗೋಡೆ. ಅಪ್ಪನ ಮಂಡಿ ಆ ಥಂಡಿಯನ್ನು ತಡೆಯುವುದಿಲ್ಲ ಎಂಬುದು ಅವಳಿಗೆ ಗೊತ್ತಿತ್ತು. ಅಪ್ಪನಿಗೂ ಗೊತ್ತಿತ್ತು. ಅಂದು ಅವರು ದಾರಿಯುದ್ದಕ್ಕೂ ಸಣ್ಣ ದನಿಯಲ್ಲಿ ಮಾತಾಡಿದರು.

ಕಂದಾಯ ಎದ್ದು ನಿಂತು ತನ್ನ ವಾದ ಮಂಡಿಸಿದ. ಫಾರಮ್ಮಿನಲ್ಲಿ ಸ್ವಂತ ಕೈಬರಹ, ಹೆಂಡತಿಯ ಹೇಳಿಕೆ, ದಿನಾ ದೋಣಿ. ಸೂರ್ಯ ಮುಳುಗುವಾಗ ಯಾರೆಲ್ಲಿದ್ದರೋ ಅವರು ಅಲ್ಲಿಯವರು. ನನಗೆ ವೈಯಕ್ತಿಕವಾಗಿ ಜನನ-ಮರಣದ ಮೇಲೆ ತುಂಬ ಗೌರವವಿದೆ ಎಂದೂ ಸೇರಿಸಿದ. ಪಕ್ಕದ ಕೋಣೆಯ ಅರ್ಧ ತೆರೆದ ಬಾಗಿಲಿನಾಚೆ ಟೈಪಿಸ್ಟಿನ ಟೈಪುಯಂತ್ರ ಹಿನ್ನೆಲೆ ಸಂಗೀತದ ಹಾಗೆ ಟಕಟಕ ಎನ್ನುತ್ತಿತ್ತು. ಏನಾದರೂ ಹೇಳುವುದಿದೆಯೇ ಎಂದು ಸಾಹೇಬರು ಗುಮಾಸ್ತನನ್ನು ಕೇಳಿದರು. ಅವನು ಬಾಯಿ ತೆರೆದು, ಬಂಡೆ ತುಂಬ ಜಾರುತ್ತದೆ ಎಂದಷ್ಟೇ ಹೇಳಿದ.

"ನನ್ನದೊಂದು ಅನುಮಾನ ಸಾಹೇಬ್ರೇ," ಎಂದಳು ಅವನ ಹೆಂಡತಿ. "ಸೂರ್ಯ ಮುಳುಗೋವಾಗ ಯಾರೆಲ್ಲಿರ್ತಾರೋ ಅವರನ್ನ ಅಲ್ಲೇ ಬರೀಬೇಕು. ಸರಿನಾ?"

ಸರಿ ಎಂದರು ಸಾಹೇಬರು. ಸರಿಯಾಗಿ ಹೇಳಿದ್ರಿ ಎಂದ ಕಂದಾಯ.

"ಅವತ್ತು ಇವರು ನಮ್ಮ ಮನೆಗೆ ಬಂದಾಗ ಬಿಸಿಲಿತ್ತು. ಟೀ ಕುಡಿದ್ರು. ಹಿಂದಿನ ಕೋಣೆಗೆ ಹೋಗಿ ಕಿಟಕೀನ ಗೇಣು ಹಾಕಿ ಅಳೆದ್ರು. ಮಂಚದ ಮೇಲೆ ಕಾಲು ಚಾಚಿ ಕೂತು ಗಾಳಿ ಹೇಗೆ ಬರುತ್ತೆ ಅಂತ ನೋಡಿದ್ರು. ಅಲ್ಲೇ ಕೂತಿದ್ದಾಗ ಸೂರ್ಯ ಮುಳುಗಿದ. ಎಷ್ಟು ಚೆನ್ನಾಗಿ ಮುಳುಗ್ತಾನೆ ಅಂತ ಇವರೇ ನನಗೆ ತೋರಿಸಿದ್ರು. ಅಂದ್ಮೇಲೆ ಇವರನ್ನ ನಮ್ಮನೇಲೇ, ನನ್ನ ಜೊತೆಗೇ ಬರೀಬೇಕಾಗುತ್ತಲ್ಲ?"

ಪಕ್ಕದ ಕೋಣೆಯಲ್ಲಿ ಟೈಪುಯಂತ್ರ ನಿಂತಿತು.

ಕುರ್ಚಿ ಸರಿದ ಸದ್ದು ಕೇಳಿತು. ಬಾಗಿಲಿನ ಸಂದಿಯಲ್ಲಿ ಚಪ್ಪಲಿಯ ತುದಿ ಕಾಣಿಸಿತು.

"ನಾನೂ ಅಲ್ಲೇ ಇದ್ದೆ," ಎಂದರು ಮಾವ, ಸಮಾಧಾನ ಮಾಡುವ ಉದ್ದೇಶದಿಂದ. "ಆದರೆ ನನಗೆ ನಿದ್ದೆ ಬಂದಿತ್ತು."

ಕಂದಾಯದ ಮುಖ ಐಸ್ ಫ್ಯಾಕ್ಟರಿಯ ಹಿಂದಿನ ಗೋಡೆಯ ಹಾಗೆ ಬೆವೆತಿತು. ಅವನು ಬಾಗಿಲಿನ ಕಡೆ ನೋಡುತ್ತ, ಸಾಹೇಬರಿಗಲ್ಲ, ಆ ಚಪ್ಪಲಿಗೇ ಹೇಳುವವನಂತೆ, ಒಂದೇ ಉಸಿರಿನಲ್ಲಿ ಹೇಳಿದ:

"ಹಾಗೆ ಬರೆಯೋ ಹಾಗಿಲ್ಲ ಸಾರ್. ಗಣತಿ ಕೆಲಸದ ಮೇಲೆ ಹೊರಗೆ ಹೋದೋರು ಎಲ್ಲೇ ಇರಲಿ, ಅವರನ್ನ ಅವರವರ ಹೆಂಡತಿ ಮನೆ ಲೆಕ್ಕದಲ್ಲೇ ಸೇರಿಸಬೇಕು. ನಿಯಮ ಇದೆ. ಕೈಪಿಡಿಯ ಕೊನೇ ಪುಟದಲ್ಲಿದೆ. ನಾನು ಓದಿದೀನಿ."

ಸಾಹೇಬರು ತಮ್ಮ ಪಾಲಿನ ಕೈಪಿಡಿ ತರಿಸಿದರು. ಅದರ ಹಾಳೆಗಳನ್ನು ಇನ್ನೂ ಯಾರೂ ಬಿಡಿಸಿಯೂ ಇರಲಿಲ್ಲ. ಕೊನೆಯ ಪುಟ ಓದಿದರು. ಕನ್ನಡಕ ತೆಗೆದು ಒರೆಸಿ ಇನ್ನೊಮ್ಮೆ ಓದಿದರು.

"ಅಂದ್ರೆ ಎಲ್ಲೇ ಇದ್ರೂ?"

"ಎಲ್ಲೇ ಇದ್ರೂ ಸಾರ್."

"ಬಂಡೆ ಮೇಲಿದ್ರೂ?"

ಕಂದಾಯ ಹೂಂ ಎನ್ನಬೇಕೋ ಉಹುಂ ಎನ್ನಬೇಕೋ ತಿಳಿಯದೆ ಬಾಗಿಲ ಕಡೆ ನೋಡಿದ. ಉಹುಂ ಎಂದರೆ ರಾತ್ರಿ ಊಟ ಇಲ್ಲ. ಹೂಂ ಎಂದರೆ ಕಿಟಕಿ ಇಲ್ಲ. ಮನುಷ್ಯ ಕೊನೆಗೆ ಊಟವನ್ನೇ ಆರಿಸಿಕೊಳ್ಳುತ್ತಾನೆ. ಹೂಂ ಎಂದ. ಚಪ್ಪಲಿಯ ತುದಿ ಹಿಂದೆ ಸರಿಯಿತು. ಸ್ವಲ್ಪ ಹೊತ್ತಿನ ಮೇಲೆ ಟೈಪುಯಂತ್ರ ಮತ್ತೆ ಶುರುವಾಯಿತು, ಆದರೆ ಒಂದೊಂದು ಅಕ್ಷರಕ್ಕೂ ಮೊಳೆ ಹೊಡೆದ ಸದ್ದು ಬರುತ್ತಿತ್ತು.

ಗುಮಾಸ್ತನಿಗೆ ಏನಾಯಿತೆಂದು ಅರ್ಥವಾದದ್ದು ಹೆಂಡತಿ ಮೆಟ್ಟಿಲಿಳಿಯುತ್ತ ಬಿಡಿಸಿ ಹೇಳಿದ ಮೇಲೆಯೇ. ಸಂಜೆಯೊಳಗೆ ಬಾಗಿಲ ಮೇಲಿನ ನೋಟೀಸು ಹೋಯಿತು, ನಲ್ಲಿ ಕೆಮ್ಮಿ ಕೆಮ್ಮಿ ನೀರು ಬಿಟ್ಟಿತು. ಹೆಂಡತಿ ಕಟ್ಟಿದ ಪಾತ್ರೆಗಳನ್ನು ಬಿಚ್ಚಿ ಮತ್ತೆ ಸಾಲಾಗಿ ಜೋಡಿಸಿದಳು. ಮಾವ ಹಿಂದಿನ ಕೋಣೆಯಲ್ಲಿ ಮಂಚದ ಮೇಲೆ ಮಂಡಿ ಚಾಚಿ ಕೂತು, ಅಳಿಯಂದಿರೇ ಬಂದು ಗಾಳಿಗೆ ಕೂತುಕೊಳ್ಳಿ ಎಂದು ಬಂದರಿಗೆ ಕೇಳುವ ಹಾಗೆ ಕರೆದರು.

ಉಳಿದದ್ದು ನಡುಗಡ್ಡೆಯ ಲೆಕ್ಕ. ಮೇಲಿನ ಕಚೇರಿಗೆ ಒಂದು ಎಂದು ಹೋಗಿಬಿಟ್ಟಿದೆ. ಒಂದನ್ನು ಸೊನ್ನೆ ಮಾಡಬೇಕಾದರೆ ಆ ಮನುಷ್ಯ ಸತ್ತಿರಬೇಕು. ಸತ್ತಿದ್ದಾನೆಂದು ಬರೆಯಬೇಕಾದವನು ಜನನ-ಮರಣ. ಇವನ ಕೈಯಲ್ಲಿ ಇವನದೇ ಮರಣ ಪತ್ರ ಬರೆಸುವಷ್ಟು ಧೈರ್ಯ ಸಾಹೇಬರಿಗೆ ಬರಲಿಲ್ಲ, ಇವನು ಬರೆದೂ ಬಿಡುತ್ತಾನೆ ಎಂಬುದು ಅವರಿಗೆ ಗೊತ್ತಿತ್ತು. ಎರಡು ದಿನ ಯೋಚಿಸಿ, "ಜನಸಂಖ್ಯೆ ಒಂದು. ಸದರಿಯವರು ಸದ್ಯ ಊರಲ್ಲಿಲ್ಲ" ಎಂದು ತಿದ್ದುಪಡಿ ಕಳಿಸಿದರು. ನೀರು ನಿಲ್ಲಿಸಿ ಎಂದು ಮೇಲಿನಿಂದ ಆದೇಶ ಬರಲಿಲ್ಲವಾದ್ದರಿಂದ ದೋಣಿಯವನು ದಿನಾ ಒಂದು ಕ್ಯಾನು ಒಯ್ದು, ಇಸಿದುಕೊಳ್ಳುವವರಿಲ್ಲದೆ, ಆ ಕೊಂಡಿಯಿಲ್ಲದ ಬಕೆಟ್ಟಿಗೆ ಬಗ್ಗಿಸಿ ಬರುತ್ತಿದ್ದ. ಅಷ್ಟೂ ನೀರನ್ನು ಹಕ್ಕಿಗಳು ಕುಡಿದು, ಉಳಿದದ್ದರಲ್ಲಿ ಮಿಂದು, ಸಂಜೆಯೊಳಗೆ ಖಾಲಿ ಮಾಡುತ್ತಿದ್ದವು.

ಕೆಲವು ತಿಂಗಳಾದ ಮೇಲೆ, ಸದರಿ ನಿವಾಸಿ ನಡುಗಡ್ಡೆಗೆ ವಾಪಸ್ಸು ಬಂದಿದ್ದಾರೆಯೇ ಎಂದು ಮೇಲಿನ ಕಚೇರಿ ಕೇಳಿತು. ಸಾಹೇಬರು ದೋಣಿಯವನನ್ನು ಕರೆಸಿ ವಿಚಾರಿಸಿದರು, ಆಮೇಲೆ ಇದ್ದದ್ದನ್ನು ಇದ್ದ ಹಾಗೆ ಬರೆದರು: "ಯಾರೂ ಕಂಡುಬಂದಿರುವುದಿಲ್ಲ. ಆದರೆ ದಿನಾ ನೀರು ಖರ್ಚಾಗುತ್ತಿದೆ, ಆದ್ದರಿಂದ ಬಂದಿರಬೇಕು."